ತೆಳುವಾಗುವ ಕೂದಲು: ಅರಿಯೋಣ, ಅಂಜದಿರೋಣ

ಕೆಲವು ತಿಂಗಳ ಹಿಂದೆ ಬಾಗಳಿಯ ಮಸೀದಿಯಲ್ಲಿ ಅಸರ್ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೆ ಯುವಕನೊಬ್ಬ ಹಿಂದೆ ಉಳಿದನು. ಬಾಲ್ಯದಲ್ಲಿ ಮದ್ರಸದಲ್ಲಿ ನನ್ನ ಬಳಿ ಓದಿದವನು. ಈಗ ಇಪ್ಪತ್ತಾರರ ಹರೆಯ, ಬೆಂಗಳೂರಿನಲ್ಲಿ ಉದ್ಯೋಗ. ತಲೆಯ ಮೇಲಿನ ಟೋಪಿ ತೆಗೆದು ಮೆಲ್ಲನೆ ಕೇಳಿದನು: “ಹಜರತ್, ವುಝೂ ಮಾಡುವಾಗ ಮಸಹ್ ಮಾಡಿದರೆ ಕೈಗೆ ಕೂದಲು ಬರುತ್ತವೆ. ನಿಕಾಹ್‌ಗೆ ಮಾತುಕತೆ ನಡೆಯುತ್ತಿದೆ. ಹೆಣ್ಣಿನ ಕಡೆಯವರಿಗೆ ಇದನ್ನು ಹೇಳಬೇಕೇ, ಮುಚ್ಚಿಡಬೇಕೇ?”

ಅವನು ಎರಡು ವರ್ಷಗಳಿಂದ ಎಣ್ಣೆ, ಶಾಂಪೂ, ಮಾತ್ರೆಗಳಿಗೆ ಹಣ ಸುರಿದಿದ್ದನು. ಈಗ ಸಾಲ ಮಾಡಿ ಕೂದಲು ಕಸಿ ಮಾಡಿಸಿಕೊಳ್ಳುವ ಆಲೋಚನೆಯಲ್ಲಿದ್ದನು. ನಾನು ಥಟ್ಟನೆ, “ಸಬರ್ ಮಾಡಪ್ಪಾ, ಇದೇನು ದೊಡ್ಡ ಸಂಕಟ” ಎಂದುಬಿಟ್ಟೆ. ಅವನು ತಲೆಬಾಗಿಸಿ ಹೊರಟುಹೋದನು. ಅಂದಿನ ರಾತ್ರಿ ನನ್ನ ಉತ್ತರ ನನಗೇ ಚುಚ್ಚಿತು. ಸಹನೆಯ ಉಪದೇಶ ತಪ್ಪಲ್ಲ. ಆದರೆ ಒಬ್ಬನ ನೋವು ಏನೆಂದು ತಿಳಿಯುವ ಮೊದಲೇ ಅವನಿಗೆ ಸಹನೆಯನ್ನು ಬೋಧಿಸುವುದು ಉಪದೇಶವಲ್ಲ, ಉಪೇಕ್ಷೆ. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ನಾನು ಓದಿದ, ವೈದ್ಯರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರವಾದಿ(ಸ)ರ ಮಾತಿನಿಂದಲೇ ಆರಂಭಿಸೋಣ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಬನೀ ಇಸ್ರಾಈಲರ ಮೂವರ ವೃತ್ತಾಂತವಿದೆ. ಒಬ್ಬ ಚರ್ಮರೋಗಿ, ಒಬ್ಬ ಬೋಳುತಲೆಯವ, ಒಬ್ಬ ಕುರುಡ. ಮಲಕ್ ಒಬ್ಬರು ಬಂದು ಬೋಳುತಲೆಯವನನ್ನು ‘ನಿನಗೆ ಅತ್ಯಂತ ಪ್ರಿಯವಾದುದು ಯಾವುದು’ ಎಂದು ಕೇಳಿದಾಗ ಅವನು ಒಳ್ಳೆಯ ಕೂದಲನ್ನು ಬೇಡಿದನು. ಜನರು ತನ್ನನ್ನು ಕಂಡು ಹೇಸುತ್ತಾರೆ ಎಂಬ ನೋವನ್ನೂ ತೋಡಿಕೊಂಡನು. ಮಲಕ್ ಅವನನ್ನು ಗದರಿಸಲಿಲ್ಲ, ‘ಇದು ಕ್ಷುಲ್ಲಕ’ ಎನ್ನಲಿಲ್ಲ. ಅವನ ತಲೆಯನ್ನು ನೇವರಿಸಿದರು, ಕೂದಲು ಬಂತು, ಜೊತೆಗೆ ಗಬ್ಬದ ಹಸುವೊಂದೂ ದೊರೆಯಿತು. ಅವನು ಸೋತದ್ದು ಆ ಬಳಿಕ. ಅದೇ ಮಲಕ್ ಬಡವನ ರೂಪದಲ್ಲಿ ಬಂದು ನೆರವು ಬೇಡಿದಾಗ ತನ್ನ ಹಿಂದಿನ ಸ್ಥಿತಿಯನ್ನು ಮರೆತು ಕೈ ಬರಿದು ಮಾಡಿ ಕಳುಹಿಸಿದನು. ಕೂದಲನ್ನು ಬಯಸಿದ್ದು ಅವನ ಪಾಪವಾಗಿರಲಿಲ್ಲ. ಅನುಗ್ರಹವನ್ನು ಮರೆತದ್ದು ಪಾಪವಾಯಿತು. ಈ ಹದೀಸನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ನನ್ನೆದುರು ಅದೇ ನೋವು ಹೊತ್ತು ಒಬ್ಬ ನಿಂತಾಗ ನೆನಪಾಗಲಿಲ್ಲ.

ಇನ್ನು ಅರಿವಿನ ಮಾತು. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವುಝೂವಿನಲ್ಲಿ ಒದ್ದೆ ಕೈಗೆ ಅಂಟುವ ಕೂದಲು ತನ್ನ ಅವಧಿ ಮುಗಿಸಿದ ಕೂದಲೇ. ಮಸಹ್ ಅದನ್ನು ಕೀಳುವುದಿಲ್ಲ. ಟೋಪಿ ಹಾಕುವುದರಿಂದ ತಲೆ ಬೋಳಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬೋಳುತನದ ಲಕ್ಷಣ ಉದುರುವುದಕ್ಕಿಂತ ಹೆಚ್ಚಾಗಿ ತೆಳುವಾಗುವುದು. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್‌ನಿಂದ ದೇಹದಲ್ಲಿ ಡಿಎಚ್‌ಟಿ ಎಂಬ ಮತ್ತೊಂದು ಹಾರ್ಮೋನ್ ಉಂಟಾಗುತ್ತದೆ. ಕೆಲವರ ಕೂದಲ ಬೇರುಗಳು ಹುಟ್ಟಿನಿಂದಲೇ ಅದಕ್ಕೆ ಸೂಕ್ಷ್ಮವಾಗಿರುತ್ತವೆ. ಅಂಥ ಬೇರು ಕ್ರಮೇಣ ಕುಗ್ಗುತ್ತದೆ. ಪ್ರತಿ ಬಾರಿ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣದು, ಗಿಡ್ಡದು, ಬಣ್ಣ ಮಾಸಿದ್ದು. ಹಣೆಯ ಎರಡೂ ಬದಿಗಳು ಒಳಸರಿಯುತ್ತವೆ, ನೆತ್ತಿಯ ಸುಳಿಯ ಬಳಿ ಚರ್ಮ ಇಣುಕುತ್ತದೆ, ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಕೂದಲು ಮಾತ್ರ ದಟ್ಟವಾಗಿ ಉಳಿಯುತ್ತದೆ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಇದರ ಹಂತಗಳನ್ನು ವರ್ಗೀಕರಿಸಿದರು. 1975ರಲ್ಲಿ ನಾರ್ವುಡ್ ಅದನ್ನು ಪರಿಷ್ಕರಿಸಿ ಏಳು ಹಂತಗಳಾಗಿ ಗುರುತಿಸಿದರು. ವೈದ್ಯರು ಇಂದಿಗೂ ಅದನ್ನೇ ಬಳಸುತ್ತಾರೆ. ‘ತಾಯಿಯ ತಂದೆಯನ್ನು ನೋಡಿದರೆ ಸಾಕು’ ಎಂಬ ಮಾತು ಪೂರ್ಣ ಸತ್ಯವಲ್ಲ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಇದು ಬರಬಹುದು.

ಇದಕ್ಕಿಂತ ಬೇರೆಯಾದ ಬಗೆಗಳೂ ಇವೆ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂತಹ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ಇಡೀ ತಲೆಯಿಂದ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಅದು ಬಹುತೇಕ ಮರಳಿ ಬರುತ್ತದೆ. ನಾಣ್ಯದಂತೆ ದುಂಡಗೆ ಒಂದೆಡೆ ಕೂದಲು ಹೋದರೆ ಅದು ಬೇರೆಯೇ ಕಾಯಿಲೆ. ತುರಿಕೆ, ಹೊಟ್ಟು, ಕೀವು ಇದ್ದರೆ ಸೋಂಕು ಇರಬಹುದು. ಥೈರಾಯ್ಡ್ ದೋಷ, ರಕ್ತಹೀನತೆ ಕೂಡ ಕಾರಣವಾಗಬಲ್ಲವು. ಇವುಗಳ ನಡುವಿನ ಭೇದವನ್ನು ತಿಳಿಸಬೇಕಾದವರು ಚರ್ಮರೋಗ ತಜ್ಞರೇ ಹೊರತು ಮೊಬೈಲ್ ಜಾಹೀರಾತಲ್ಲ.

ತೆಳುವಾಗುತ್ತಿದೆಯೇ ಇಲ್ಲವೇ ಎಂಬುದನ್ನು ಪ್ರತಿದಿನ ಕನ್ನಡಿಯಲ್ಲಿ ನೋಡಿ ತಿಳಿಯಲಾಗದು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣದು, ಭಯ ಮಾತ್ರ ಕಾಣುತ್ತದೆ. ಸುಲಭದ ದಾರಿಯೊಂದಿದೆ. ಮೂರು ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಎಣ್ಣೆಯಿಲ್ಲದ ಒಣ ಕೂದಲಿನಲ್ಲಿ, ಕ್ಷೌರವಾಗಿ ಇಷ್ಟೇ ದಿನವಾಗಿರುವಾಗ ನಾಲ್ಕು ಚಿತ್ರ ತೆಗೆಸಿಕೊಳ್ಳಿ: ಮುಂದಿನಿಂದ ಒಂದು, ಎರಡೂ ಬದಿಯಿಂದ ಒಂದೊಂದು, ಮೇಲಿನಿಂದ ನೆತ್ತಿಯದು ಒಂದು. ಅಣ್ಣನೋ ತಮ್ಮನೋ ತೆಗೆದರೆ ಸಾಕು. ದಿನಾಂಕ ಬರೆದಿಡಿ. ಒಂದು ವರ್ಷದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸತ್ಯ ತಾನಾಗಿ ತಿಳಿಯುತ್ತದೆ. ವೈದ್ಯರಿಗೂ ಅದು ಮಾತಿಗಿಂತ ಹೆಚ್ಚು ಉಪಯುಕ್ತ. ನಿಮ್ಮ ಖಾಯಂ ಕ್ಷೌರಿಕರನ್ನೂ ಕೇಳಿ ನೋಡಿ. ನಿಮ್ಮ ನೆತ್ತಿಯನ್ನು ವರ್ಷಗಟ್ಟಲೆ ನೋಡಿದವರು ಅವರು.

ಚಿಕಿತ್ಸೆಯ ವಿಷಯದಲ್ಲಿ ಎರಡು ಅತಿಗಳಿವೆ. ಒಂದು, ‘ಎಲ್ಲವೂ ತಕ್ದೀರ್’ ಎಂದು ಕೈಚೆಲ್ಲುವುದು. ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದಾರೆ. ಕೂದಲಿದ್ದವನು ಅದನ್ನು ಗೌರವದಿಂದ ನೋಡಿಕೊಳ್ಳಲಿ ಎಂದೂ ಹೇಳಿದ್ದಾರೆ. ಇನ್ನೊಂದು ಅತಿ, ಕೂದಲಿಗಾಗಿ ಯಾರು ಏನು ಕೊಟ್ಟರೂ ಹಚ್ಚಿಕೊಳ್ಳುವುದು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರ ತಲೆಯೆಣ್ಣೆ ಇಂದು ದೇಶದಾದ್ಯಂತ ಹೆಸರಾಗಿದೆ. ಎಣ್ಣೆ ಕೂದಲಿಗೆ ಹೊಳಪು ಕೊಡಬಹುದು. ಆದರೆ ವಂಶಪಾರಂಪರ್ಯದ ಬೋಳುತನವನ್ನು ಯಾವ ಎಣ್ಣೆಯೂ ಹಿಂದಿರುಗಿಸುತ್ತದೆಂಬುದು ಸಾಬೀತಾಗಿಲ್ಲ. ಸಾಕ್ಷ್ಯವಿರುವುದು ಹಚ್ಚುವ ಮಿನಾಕ್ಸಿಡಿಲ್ ಮತ್ತು ನುಂಗುವ ಫಿನಾಸ್ಟರೈಡ್ ಎಂಬ ಔಷಧಗಳಿಗೆ. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕು, ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ಎರಡನೆಯದರಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವಂತಹ ಅಡ್ಡಪರಿಣಾಮಗಳಿವೆ. ಗರ್ಭಿಣಿಯರು ಅದರ ಒಡೆದ ಮಾತ್ರೆಯನ್ನು ಮುಟ್ಟಬಾರದು. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಅದು ಬೇಡ.

ಕಸಿಯ ಕುರಿತು ಇನ್ನೂ ಎಚ್ಚರ ಬೇಕು. ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ಮೃತಪಟ್ಟ ಸುದ್ದಿಯನ್ನು ನಾವು 2025ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ಅದು ಶಸ್ತ್ರಚಿಕಿತ್ಸೆ, ಸಲೂನಿನ ಕೆಲಸವಲ್ಲ. ತರಬೇತಿ ಪಡೆದ, ನೋಂದಾಯಿತ ವೈದ್ಯರೇ ಅದನ್ನು ಮಾಡಬೇಕು. ಶರೀಅತ್‌ನ ದೃಷ್ಟಿಯಲ್ಲಿ, ತನ್ನದೇ ತಲೆಯ ಹಿಂಭಾಗದ ಬೇರನ್ನು ಮುಂದೆ ನೆಡುವುದನ್ನು ಅನೇಕ ವಿದ್ವಾಂಸರು ಅನುಮತಿಸಿದ್ದಾರೆ. ಮೇಲೆ ಹೇಳಿದ ಮೂವರ ಹದೀಸೇ ಅವರ ಒಂದು ಆಧಾರ. ಆದರೆ ಪರರ ಕೂದಲನ್ನು ಜೋಡಿಸುವುದನ್ನು ಹದೀಸ್ ಕಠಿಣವಾಗಿ ನಿಷೇಧಿಸಿದೆ. ತಲೆಗೆ ಅಂಟಿಸುವ ಕೃತಕ ಕೂದಲಿನ ಪಟ್ಟಿಯಿಂದ ಗುಸ್ಲ್‌ನ ನೀರು ಚರ್ಮಕ್ಕೆ ತಲುಪದೆಂಬುದನ್ನೂ ಮರೆಯಬಾರದು. ಸಾಲ ಮಾಡಿ, ಅದರಲ್ಲೂ ಬಡ್ಡಿಯ ಸಾಲ ಮಾಡಿ, ಕೂದಲು ಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭದ ವ್ಯಾಪಾರವಲ್ಲ.

ಆದರೆ ನನ್ನ ನಿಜವಾದ ದೂರು ಆ ಯುವಕನ ಮೇಲಲ್ಲ, ನಮ್ಮೆಲ್ಲರ ಮೇಲೆ. ಅವನನ್ನು ಸಾಲದ ಬಾಗಿಲಿಗೆ ನೂಕಿದವರು ಯಾರು? ‘ಗಂಜಾ’, ‘ಟಕ್ಲಾ’, ‘ಬೋಡ’ ಎಂದು ಮದುವೆ ಮನೆಯಲ್ಲಿ ನಗುವವರು ನಾವೇ. ಹುಡುಗನ ನಮಾಝ್, ನಡತೆ, ದುಡಿಮೆ ಕೇಳುವ ಮೊದಲು ಟೋಪಿಯ ಕೆಳಗೇನಿದೆ ಎಂದು ಪಿಸುಗುಟ್ಟುವವರು ನಾವೇ. 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ಎಂಬ ಕನ್ನಡ ಚಿತ್ರದ ನಾಯಕ ಕೂದಲುದುರಿದ ಕನ್ನಡ ಉಪನ್ಯಾಸಕ. ಹೆಣ್ಣು ಸಿಗದ ಅವನ ಸಂಕಟವೇ ಅಲ್ಲಿನ ಕಥೆ. ನಾಡು ನಕ್ಕಿತು. ಆ ಸಂಕಟ ನಮ್ಮ ಮೊಹಲ್ಲಾಗಳಲ್ಲಿಯೂ ಇದೆ. ಇತರರನ್ನು ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಃ ಅಲ್ ಹುಜುರಾತ್‌ನ 11ನೇ ವಚನ ನಿಷೇಧಿಸಿದೆ. ಗೇಲಿಗೆ ಒಳಗಾದವರು ಗೇಲಿ ಮಾಡಿದವರಿಗಿಂತ ಉತ್ತಮರಾಗಿರಬಹುದೆಂದೂ ಅದು ಎಚ್ಚರಿಸುತ್ತದೆ.

ಹಜರೇ ಅಸ್ವದ್‌ಗೆ ಮುತ್ತಿಟ್ಟು, ‘ನೀನೊಂದು ಕಲ್ಲು ಮಾತ್ರ ಎಂದು ನಾನು ಬಲ್ಲೆ’ ಎಂಬ ಅರ್ಥದ ಮಾತನ್ನಾಡಿದ ಹಝ್ರತ್ ಉಮರ್(ರ)ರನ್ನು ಮುಸ್ಲಿಮ್ ಗ್ರಂಥದ ವರದಿಯೊಂದು ಬೋಳುತಲೆಯವರೆಂದೇ ವರ್ಣಿಸುತ್ತದೆ. ಅವರ ಗಾಂಭೀರ್ಯಕ್ಕೆ ಅದರಿಂದ ಎಳ್ಳಷ್ಟೂ ಕುಂದಾಗಲಿಲ್ಲ. ಹಜ್ ಮತ್ತು ಉಮ್ರಾದಲ್ಲಿ ತಲೆ ಬೋಳಿಸಿಕೊಂಡವರಿಗಾಗಿ ಪ್ರವಾದಿ(ಸ) ಪುನಃಪುನಃ ಪ್ರಾರ್ಥಿಸಿ, ಕೊನೆಗೆ ಕೂದಲು ಕತ್ತರಿಸಿಕೊಂಡವರನ್ನು ಸೇರಿಸಿಕೊಂಡರು. ಅಲ್ಲಿ ಅರಸನೂ ಆಳೂ ಒಂದೇ ಬಗೆಯ ತಲೆ ಹೊತ್ತು ನಿಲ್ಲುತ್ತಾರೆ. ಆ ದಿನ ಯಾರಿಗೂ ನಾಚಿಕೆಯಾಗುವುದಿಲ್ಲ. ಊರಿಗೆ ಮರಳಿದ ಮೇಲೆ ಮಾತ್ರ ಏಕೆ ಆಗಬೇಕು?

ಮುಂದಿನ ಜುಮಾಕ್ಕೆ ನಾನೇ ಆ ಹುಡುಗನಿಗೆ ಕರೆ ಮಾಡಿದೆ. ಅವಸರದ ನನ್ನ ಮಾತಿಗೆ ಕ್ಷಮೆ ಕೇಳಿದೆ. ಅವನು ದಾವಣಗೆರೆಯಲ್ಲಿ ತಜ್ಞರೊಬ್ಬರನ್ನು ಕಂಡು ಬಂದನು. ಮೂರು ತಿಂಗಳ ಹಿಂದೆ ಬಂದಿದ್ದ ಡೆಂಗಿಯಿಂದ ಉದುರಿದ್ದು ಒಂದು ಪಾಲು. ಹಣೆಯ ಬದಿಗಳು ತೆಳುವಾದದ್ದು ತಂದೆಯಿಂದ ಬಂದ ಪಾಲು. ಮೊದಲನೆಯದು ಮರಳಿ ಬರುತ್ತಿದೆ. ಎರಡನೆಯದಕ್ಕೆ ಮಿನಾಕ್ಸಿಡಿಲ್ ಆರಂಭಿಸಿದ್ದಾನೆ, ಮೂರು ತಿಂಗಳಿಗೊಮ್ಮೆ ಚಿತ್ರ ತೆಗೆಸುತ್ತಾನೆ. ಸಾಲದ ಯೋಚನೆ ಬಿಟ್ಟಿದ್ದಾನೆ.

ಅವನ ಮೊದಲ ಪ್ರಶ್ನೆಗೂ ಉತ್ತರ ಹೇಳಿದೆ: “ಹೇಳಿಬಿಡು. ನಿಕಾಹ್ ಎಂಬುದು ಭರವಸೆಯ ಕರಾರು. ಅದನ್ನು ಮುಚ್ಚುಮರೆಯಿಂದ ಆರಂಭಿಸಬೇಡ.” ಅವನು ಹೆಣ್ಣಿನ ತಂದೆಯ ಎದುರು ಟೋಪಿ ತೆಗೆದು ಇದ್ದುದನ್ನು ಇದ್ದಂತೆ ಹೇಳಿದ್ದಾನೆ. ಅವರ ಉತ್ತರ ಇನ್ನೂ ಬಂದಿಲ್ಲ. ಬರುವ ಉತ್ತರ ಏನೇ ಇರಲಿ, ಆ ಮನೆಯವರು ನೋಡಬೇಕಾದ ಮುಖ್ಯ ಗುಣವನ್ನು ಅವನು ಅಂದೇ ತೋರಿಸಿಯಾಗಿದೆ. ಅದನ್ನು ಕಾಣುವ ಕಣ್ಣನ್ನು ಅಲ್ಲಾಹನು ಅವರಿಗೂ ನಮಗೂ ಕರುಣಿಸಲಿ. ಆಮೀನ್.