ಸೇಫ್ಟಿ ವಾಲ್ವ್‌ನ ಸ್ಪ್ರಿಂಗ್ ಬಿಗಿಯಬೇಡಿ, ವಾಲ್ವ್ ರಿಪೇರಿ ಮಾಡಿಸಿ

ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಮಾಲೀಕರಲ್ಲಿ, ಬಾಯ್ಲರ್ ಅಟೆಂಡೆಂಟರಲ್ಲಿ, ಫೈರ್‌ಮನ್‌ಗಳಲ್ಲಿ, ಬಾಯ್ಲರ್ ಮನೆಯ ಗೋಡೆಯಾಚೆ ಚೀಲ ಹೊಲಿಯುವ, ಭತ್ತ ಹರಡುವ ಎಲ್ಲರಲ್ಲಿ ಒಂದು ಮನವಿ.

ಸೇಫ್ಟಿ ವಾಲ್ವ್ ಸೋರುತ್ತಿದೆ. ಡ್ರಯರಿಗೆ ಸ್ಟೀಮ್ ಸಾಲುತ್ತಿಲ್ಲ. ಬಾಗಿಲಲ್ಲಿ ಲಾರಿ ನಿಂತಿದೆ. ಆಗ ಯಾರೋ ಸ್ಪ್ಯಾನರ್ ಹಿಡಿದು ಬಾಯ್ಲರ್ ಮೇಲೆ ಹತ್ತಿ ಸ್ಪ್ರಿಂಗಿನ ಸ್ಕ್ರೂ ಅರ್ಧ ಸುತ್ತು ಬಿಗಿಯುತ್ತಾರೆ. ಸೋರಿಕೆ ನಿಲ್ಲುತ್ತದೆ, ಕೆಲಸ ಸಾಗುತ್ತದೆ. ಆ ಅರ್ಧ ಸುತ್ತನ್ನು ನಿಲ್ಲಿಸಿ ಎಂದು ಕೇಳಲು ಈ ಕರಪತ್ರ.

ವಾಲ್ವ್ ಯಾಕೆ ಸೋರುತ್ತದೆ? ವಾಲ್ವಿನೊಳಗಿನ ಡಿಸ್ಕ್ ಮತ್ತು ಅದು ಕೂರುವ ಸೀಟ್ ಕನ್ನಡಿಯಂತೆ ನಯವಾಗಿದ್ದರೆ ಮಾತ್ರ ಹಬೆ ತಡೆಯುತ್ತವೆ. ಗಡಸು ನೀರಿನ ಪದರದ ಒಂದು ಚೂರು, ಪೈಪಿನ ತುಕ್ಕಿನ ಒಂದು ಕಣ ನಡುವೆ ಸಿಕ್ಕಿಕೊಂಡರೆ ಅಲ್ಲಿಂದ ನುಸುಳುವ ಹಬೆ ಲೋಹವನ್ನೇ ಕೊರೆದು ಗೀರು ಮಾಡುತ್ತದೆ. ಸ್ಪ್ರಿಂಗ್ ಬಿಗಿದರೆ ಆ ಗೀರು ಮುಚ್ಚುವುದಿಲ್ಲ. ಡಿಸ್ಕಿನ ಮೇಲಿನ ಒತ್ತಡ ಹೆಚ್ಚಿ ಸೋರಿಕೆ ಕೆಲ ದಿನ ಕಾಣದಂತಾಗುತ್ತದೆ, ಅಷ್ಟೆ. ಅದರ ಜೊತೆಗೇ ವಾಲ್ವ್ ತೆರೆಯುವ ಪ್ರೆಶರ್ ಏರಿರುತ್ತದೆ. 10 ಕೆ.ಜಿ.ಗೆ (ಚದರ ಸೆಂಟಿಮೀಟರಿಗೆ) ತೆರೆಯಬೇಕಾದದ್ದು ಇನ್ನು 11ಕ್ಕೋ 12ಕ್ಕೋ, ಬಿಗಿದವರಿಗೂ ತಿಳಿಯದು. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿದರಂತೂ ಡಿಸ್ಕ್ ಮೇಲೇಳಲು ಜಾಗವೇ ಉಳಿಯುವುದಿಲ್ಲ. ಸೋರುವ ವಾಲ್ವಿಗೆ ಇರುವ ಮದ್ದು ಒಂದೇ: ಕಳಚಿ, ಸೀಟ್ ಲ್ಯಾಪಿಂಗ್ ಮಾಡಿಸಿ (ಉಜ್ಜಿ ನಯಮಾಡಿಸಿ), ಮತ್ತೆ ಸೆಟ್ ಮಾಡಿಸುವುದು.

ಬಹಳಷ್ಟು ಸೋರಿಕೆಗೆ ನಮ್ಮ ಅವಸರವೇ ಕಾರಣ ಎಂಬುದನ್ನೂ ಹೇಳಬೇಕು. 10ಕ್ಕೆ ತೆರೆಯುವ ವಾಲ್ವ್ ಇಟ್ಟುಕೊಂಡು ಇಡೀ ಪಾಳಿ 9.8ರಲ್ಲಿ ಓಡಿಸಿದರೆ ಡಿಸ್ಕ್ ಪೂರ್ತಿ ಕೂರುವುದೂ ಇಲ್ಲ, ಪೂರ್ತಿ ಏಳುವುದೂ ಇಲ್ಲ. ಸದಾ ಬುಸುಗುಟ್ಟುತ್ತ ಸೀಟನ್ನು ತಾನೇ ತಿನ್ನುತ್ತದೆ. 9ರ ಆಸುಪಾಸಿನಲ್ಲಿ ಓಡಿಸಿ. ಅದರಲ್ಲಿ ಕೆಲಸ ಸಾಗದಿದ್ದರೆ ಕೊರತೆ ಬಾಯ್ಲರಿನ ಸಾಮರ್ಥ್ಯದ್ದು. ವಾಲ್ವ್ ಬಿಗಿದು ಅದನ್ನು ತುಂಬಿಕೊಳ್ಳಲಾಗದು.

ಒಳಗೆ ಏನಿದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 10 ಕೆ.ಜಿ. ಪ್ರೆಶರಿನಲ್ಲಿ ಬಾಯ್ಲರಿನ ನೀರು ಸುಮಾರು 184 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಶೆಲ್ ಸೀಳಿ ಪ್ರೆಶರ್ ಇಳಿದರೆ ಆ ಬಿಸಿಯಲ್ಲಿ ಅದು ನೀರಾಗಿ ಉಳಿಯಲಾರದು. ಒಂದು ಟನ್ ನೀರಿನಲ್ಲಿ ಸುಮಾರು 160 ಕೆ.ಜಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಬೆಯಾಗುತ್ತದೆ, ಆ ಹಬೆಗೆ 250 ಘನ ಮೀಟರಿಗೂ ಹೆಚ್ಚು ಜಾಗ ಬೇಕು. ಗೋಡೆ, ಶೀಟು, ಚಿಮಣಿಗಳು ಹಾರುವುದು ಇದರಿಂದಲೇ. 

ನಮ್ಮ ಗಿರಣಿಗಳಲ್ಲಿ ಉರಿಯುವುದು ಭತ್ತದ ಹೊಟ್ಟು, ಸೌದೆ, ಕಬ್ಬಿನ ಸಿಪ್ಪೆ. ಗ್ಯಾಸ್ ಬರ್ನರನ್ನು ಒಂದು ಸ್ವಿಚ್ಚಿನಲ್ಲಿ ಆರಿಸಬಹುದು. ಜಾಲರಿಯ ಮೇಲೆ ಕೆಂಡವಾಗಿರುವ ಸೌದೆಗೆ ಸ್ವಿಚ್ಚಿಲ್ಲ. ಕರೆಂಟ್ ಹೋಗಿ ಮಿಲ್ಲು ತಟ್ಟನೆ ನಿಂತಾಗ ಸ್ಟೀಮ್ ಎಳೆಯುವವರು ಯಾರೂ ಇರುವುದಿಲ್ಲ, ಕೆಂಡ ಮಾತ್ರ ಕಾಯಿಸುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಮನುಷ್ಯನ ಕೈಯನ್ನೂ ಕರೆಂಟನ್ನೂ ಕಾಯದೆ ಕೆಲಸ ಮಾಡುವುದು ಈ ಸ್ಪ್ರಿಂಗ್ ಒಂದೇ. ನಮ್ಮ ಕಡೆಯ ಬಾಯ್ಲರುಗಳಿಗೆ ಸರಿಯಾದ ವಾಲ್ವ್ ಇನ್ನೂ ಹೆಚ್ಚು ಬೇಕು ಎನ್ನುವುದು ಇದಕ್ಕೇ.

ವಾಲ್ವ್ ಮುಟ್ಟುವ ಚಾಳಿ ಹಳೆಯದು. ಇಂಗ್ಲೆಂಡಿನ ರೈಲು ಎಂಜಿನ್ ಚಾಲಕರು ಹೆಚ್ಚು ಓಟಕ್ಕಾಗಿ ವಾಲ್ವನ್ನು ಬಿಗಿಯುತ್ತಿದ್ದರು. ಅದಕ್ಕೇ ಜಾನ್ ರಾಮ್ಸ್‌ಬಾಟಮ್ ಎಂಬ ಎಂಜಿನಿಯರ್ 1850ರ ದಶಕದಲ್ಲಿ ಎರಡು ವಾಲ್ವುಗಳ ನಡುವೆ ಒಂದೇ ಸ್ಪ್ರಿಂಗ್ ಇಟ್ಟು, ಒಂದನ್ನು ಅದುಮಿದರೆ ಇನ್ನೊಂದು ತೆರೆಯುವಂತೆ ಮಾಡಿದ. ನಮ್ಮ ದೇಶದಲ್ಲಿ 1863ರ ಕಲ್ಕತ್ತದ ಬಾಯ್ಲರ್ ದುರಂತವಾದ ಮೇಲೆ, 1864ರಲ್ಲಿ, ಬಂಗಾಳದಲ್ಲಿ ತಪಾಸಣೆಯ ಕಾಯ್ದೆ ಬಂತು. ಆಮೇಲೆ ಇಡೀ ದೇಶಕ್ಕೆ 1923ರ ಕಾಯ್ದೆ, ಈಗ ಅದರ ಜಾಗದಲ್ಲಿ 2025ರ ಬಾಯ್ಲರ್ ಕಾಯ್ದೆ. ಸಣ್ಣ ತಪ್ಪುಗಳಿಗೆ ಜೈಲು ಬೇಡ ಎಂದ ಹೊಸ ಕಾಯ್ದೆ ಕೂಡ ಸೇಫ್ಟಿ ವಾಲ್ವ್ ಕೆಡಿಸುವುದನ್ನು ಜೈಲು ಶಿಕ್ಷೆಯ ಅಪರಾಧವಾಗಿಯೇ ಉಳಿಸಿಕೊಂಡಿದೆ. ಸ್ಪ್ಯಾನರ್ ಕೈಗೆ ಕೊಡುವ ಮುನ್ನ ಮಾಲೀಕರು ಇದನ್ನು ನೆನೆಯಲಿ.

"ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುತ್ತಾರಲ್ಲ?" ಎನ್ನುತ್ತಾರೆ. ಬರುತ್ತಾರೆ, ಸರ್ಟಿಫಿಕೇಟೂ ಕೊಡುತ್ತಾರೆ. ಆದರೆ ಸೀಟು ಅಂಟಿಕೊಳ್ಳಲು ವರ್ಷ ಬೇಕಿಲ್ಲ, ಕೆಲವು ವಾರ ಸಾಕು. ತಿಂಗಳಿಗೊಮ್ಮೆ ಲಿವರ್ ಎತ್ತಿ ನೋಡಿ. ಪ್ರೆಶರ್ ಸೆಟ್ಟಿಂಗಿನ ಮುಕ್ಕಾಲು ಭಾಗಕ್ಕಾದರೂ ಏರಿರಬೇಕು. ಅದಕ್ಕಿಂತ ಕಡಿಮೆಯಿದ್ದಾಗ ಎತ್ತಿದರೆ ಕಸ ಸೀಟಿನ ಮೇಲೆ ಉಳಿದು ಸೋರಿಕೆ ಶುರುವಾಗುತ್ತದೆ. ಹಬೆ ಹೋಗುವ ಪೈಪಿನ ಬಾಯಿಯ ಬಳಿ ಯಾರೂ ನಿಂತಿರಬಾರದು. ಲಿವರ್ ಬಿಟ್ಟೊಡನೆ ವಾಲ್ವ್ ಠಪ್ಪೆಂದು ಕೂರಬೇಕು.

ಇದರಿಂದ ತಿಳಿಯುವುದು ವಾಲ್ವ್ ಅಂಟಿಕೊಂಡಿಲ್ಲ ಎಂಬುದಷ್ಟೇ. ಎಷ್ಟಕ್ಕೆ ತೆರೆಯುತ್ತದೆ ಎಂದು ತಿಳಿಯಬೇಕಾದರೆ ಸ್ಟೀಮ್ ಏರಿಸಿಯೇ ನೋಡಬೇಕು, ಅದಕ್ಕೆ ಅನುಭವಿ ಅಟೆಂಡೆಂಟರ ಜೊತೆ ಬಲ್ಲ ಎಂಜಿನಿಯರೂ ಇರಬೇಕು. ಮೊದಲು ಗೇಜ್ ಸರಿಯಿದೆಯೇ ಎಂದು ಪರೀಕ್ಷಿಸಿದ ಇನ್ನೊಂದು ಗೇಜಿನೊಂದಿಗೆ ಹೋಲಿಸಿ. ಗೇಜೇ ಸುಳ್ಳು ಹೇಳಿದರೆ ಪರೀಕ್ಷೆಗೆ ಅರ್ಥವಿಲ್ಲ. ನಿಧಾನವಾಗಿ ಏರಿಸಿ. ಎಷ್ಟರಲ್ಲಿ ತೆರೆಯಿತು, ಎಷ್ಟಕ್ಕಿಳಿದಾಗ ಮುಚ್ಚಿತು, ಎರಡನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಎರಡು ವಾಲ್ವ್ ಇದ್ದರೆ ಒಂದೊಂದನ್ನೇ ನೋಡಬೇಕು, ಸರ್ಟಿಫಿಕೇಟಿನಲ್ಲಿ ಬರೆದ ಪ್ರೆಶರನ್ನು ಯಾವುದೂ ಮೀರಬಾರದು. ಸರಿಹೊಂದಿಸಿದ ಮೇಲೆ ಲಾಕ್‌ನಟ್, ಕ್ಯಾಪ್, ಸೀಸದ ಸೀಲ್. ನೀರಿನ ಒತ್ತಡದ ಪರೀಕ್ಷೆಗೆಂದು ವಾಲ್ವಿಗೆ ಗ್ಯಾಗ್ (ತೆರೆಯದಂತೆ ಅದುಮಿ ಹಿಡಿಯುವ ಕ್ಲಾಂಪ್) ಹಾಕಿದ್ದರೆ ಅದನ್ನು ತೆಗೆಯದೆ ಬೆಂಕಿ ಹಚ್ಚಕೂಡದು. ತೆಗೆದವರ ಸಹಿ ಪುಸ್ತಕದಲ್ಲಿ ಇರಲೇಬೇಕು.

ಬಾಯ್ಲರಿಗೂ ಸೇಫ್ಟಿ ವಾಲ್ವಿಗೂ ನಡುವೆ ಬೇರೆ ವಾಲ್ವ್ ಇರಕೂಡದು. ಹಬೆ ಹೊರಹೋಗುವ ಪೈಪ್ ವಾಲ್ವಿನ ಬಾಯಿಗಿಂತ ಸಣ್ಣದಿರಬಾರದು, ಅದರ ಭಾರ ವಾಲ್ವಿನ ಮೇಲೆ ಬೀಳಬಾರದು, ಮಳೆನೀರು ಇಳಿಯುವ ತೂತು ಕಟ್ಟಿರಬಾರದು.

ಮಾಲೀಕರೇ, ಇದಕ್ಕೆ ತಗಲುವ ಖರ್ಚು ಒಂದು ಹೆಚ್ಚುವರಿ ವಾಲ್ವ್ ಮತ್ತು ತಿಂಗಳಿಗೆ ಅರ್ಧ ದಿನ. ಸೆಟ್ ಮಾಡಿ ಸೀಲ್ ಹಾಕಿದ ವಾಲ್ವೊಂದು ಸ್ಟೋರಿನಲ್ಲಿ ಸಿದ್ಧವಿದ್ದರೆ, ಸೋರುವುದನ್ನು ಇಳಿಸಿ ಇದನ್ನು ಕೂರಿಸಿ ಅದೇ ದಿನ ಮತ್ತೆ ಕೆಲಸ ಶುರು ಮಾಡಬಹುದು. ಆಗ ಯಾರಿಗೂ ಸ್ಪ್ಯಾನರ್ ಹಿಡಿಯುವ ಅನಿವಾರ್ಯತೆ ಬರುವುದಿಲ್ಲ.

ಅಟೆಂಡೆಂಟ್ ಅಣ್ಣಂದಿರೇ, ಬಿಗಿ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಬೆಂಕಿ ತಗ್ಗಿಸಿ, ಗಂಟೆ ಬರೆದು, ಕಾರಣ ಬರೆದು ಸಹಿ ಹಾಕಿ. ಹಾಗೆ ವಾಲ್ವ್ ಕೆಟ್ಟಿದೆಯೆಂದು ಬಾಯ್ಲರ್ ನಿಲ್ಲಿಸಿದವರ ಆ ದಿನದ ಕೂಲಿಯನ್ನು ಹಿಡಿಯಬಾರದು, ಅವರನ್ನು ಕೆಲಸದಿಂದ ತೆಗೆಯಬಾರದು. ಇದನ್ನು ಪ್ರತಿ ಮಾಲೀಕರೂ ಬರವಣಿಗೆಯಲ್ಲಿ ಒಪ್ಪಿಕೊಂಡು, ಸಹಿ ಮಾಡಿದ ಕಾಗದವನ್ನು ಬಾಯ್ಲರ್ ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕೆಂದು ಕೇಳುತ್ತೇವೆ.