ಕೇಳದವರ ಪಾಲಿಗೆ ಹಳೇ ಮಾಲು: ಗೋದಾಮಿನ ನಿಯಮ ಯಾರ ಪರ?

ಊರಿನ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣ ತಗೊಂಡರೆ ಒಮ್ಮೆ ತಿರುಗಿಸಿ ದಿನಾಂಕ ನೋಡಿ. ಅವಧಿ ಮುಗಿಯಲು ತಿಂಗಳೂ ಉಳಿದಿಲ್ಲ ಎಂದರೆ ನಾವು ಬಯ್ಯುವುದು ಅಂಗಡಿಯವರನ್ನೇ. ಆದರೆ ಆ ಪೊಟ್ಟಣ ನಮ್ಮೂರಿಗೇ ಬರಬೇಕು ಎಂದು ತೀರ್ಮಾನ ಮಾಡಿದವರು ಅವರಲ್ಲ. ದೂರದ ಗೋದಾಮಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಒಂದು ನಿಯಮ ಅದನ್ನು ತೀರ್ಮಾನಿಸಿರಬಹುದು. ಆ ನಿಯಮದ ಬಗ್ಗೆ ಹಳ್ಳಿಯವರೂ ಮಾತಾಡಬೇಕು ಎಂಬುದು ನಮ್ಮ ವಾದ.

ಹಲಸೂರಿನಿಂದ ಇಂದಿರಾನಗರ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ಕಡೆ ಹೋಗುವ ಹಳೇ ಮದ್ರಾಸ್ ರಸ್ತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಇಂದಿರಾನಗರದ ಕಡೆ ಆ್ಯಪ್‌ನಲ್ಲಿ ಒತ್ತಿದ ಕೆಲವೇ ನಿಮಿಷಕ್ಕೆ ಸಾಮಾನು ಮನೆಗೆ ಕಳಿಸುವ ಸಣ್ಣ ಸ್ಟೋರುಗಳಿವೆ. ಹೊಸಕೋಟೆಯ ಸುತ್ತ ದೊಡ್ಡ ದೊಡ್ಡ ಗೋದಾಮುಗಳಿವೆ. ಅಲ್ಲೆಲ್ಲ ಕೈಯಲ್ಲಿ ಸ್ಕ್ಯಾನರ್ ಹಿಡಿದು ಓಡಾಡುವವರಲ್ಲಿ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರೂ ಇದ್ದಾರೆ. ಆರ್ಡರ್ ಬಂದ ಮಾಲನ್ನು ರ್‍ಯಾಕಿನಿಂದ ಹುಡುಕಿ ತೆಗೆಯುವ ಈ ಕೆಲಸಕ್ಕೆ ಪಿಕ್ಕಿಂಗ್ ಅನ್ನುತ್ತಾರೆ.

ಯಾವ ರ್‍ಯಾಕಿನ ಯಾವ ಡಬ್ಬ ತೆಗೆಯಬೇಕು ಎಂಬುದು ಅವರ ಕೈಯಲ್ಲಿಲ್ಲ. ಗೋದಾಮಿನ ಸಾಫ್ಟ್‌ವೇರ್ ಹೇಳುತ್ತದೆ. ಪ್ರತಿ ಖಾನೆಗೂ ಒಂದು ನಂಬರು ಇರುತ್ತದೆ. ಯಾವ ಖಾನೆಯಲ್ಲಿ ಯಾವ ಬ್ಯಾಚ್ ಇದೆ, ಎಂದು ಬಂತು, ಎಂದಿಗೆ ಮುಗಿಯುತ್ತದೆ ಎಂಬ ಲೆಕ್ಕ ಅದರೊಳಗಿರುತ್ತದೆ. ಯಾವುದನ್ನು ಮೊದಲು ತೆಗೆಯಬೇಕು ಎಂಬ ನಿಯಮವನ್ನು ಮಾತ್ರ ಮನುಷ್ಯರೇ ಬರೆಯಬೇಕು.

ಸಾಮಾನ್ಯವಾಗಿ ಮೂರು ನಿಯಮ ಕಾಣುತ್ತವೆ. ಒಂದು, ಮೊದಲು ಬಂದದ್ದು ಮೊದಲು ಹೊರಗೆ. ಮನೆಯಲ್ಲಿ ಹಳೇ ರಾಗಿ ಮುಗಿಸಿ ಹೊಸದಕ್ಕೆ ಕೈ ಹಾಕುತ್ತೇವಲ್ಲ, ಹಾಗೆ. ಎರಡು, ಮೊದಲು ಮುಗಿಯುವುದು ಮೊದಲು ಹೊರಗೆ. ಮೂರು, ಹತ್ತಿರ ಇರುವುದು ಮೊದಲು.

ಮೊದಲೆರಡೂ ಒಂದೇ ಅನಿಸಬಹುದು, ಆದರೆ ಅಲ್ಲ. ಹಾಲಿನ ಪುಡಿಯ ಒಂದು ಲಾಟು ಜೂನ್ 1ಕ್ಕೆ ಬಂತು, ಅದರ ಅವಧಿ ಡಿಸೆಂಬರ್‌ವರೆಗೆ ಇದೆ ಅನ್ನಿ. ಇನ್ನೊಂದು ಲಾಟು ಜೂನ್ 10ಕ್ಕೆ ಬಂತು, ಆದರೆ ಅಕ್ಟೋಬರ್‌ಗೇ ಮುಗಿಯುತ್ತದೆ. ಮೊದಲ ನಿಯಮ ಹಾಕಿದರೆ ಡಿಸೆಂಬರಿನದು ಹೊರಡುತ್ತದೆ, ಅಕ್ಟೋಬರಿನದು ಒಳಗೇ ಕೂರುತ್ತದೆ. ಎರಡನೆಯದು ಹಾಕಿದರೆ ಸರಿಯಾಗುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಂಥ ಕಡೆ ಹಣ್ಣು ಮಾರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಂದು ಬಂದದ್ದೇ ಆಗಲಿ, ಹೆಚ್ಚು ಮಾಗಿದ ಹಣ್ಣನ್ನೇ ಅವರು ಮೊದಲು ಮಾರುತ್ತಾರೆ.

ಹಳ್ಳಿಗೆ ಪೆಟ್ಟು ಬೀಳುವುದು ಇದರ ಮೇಲೆ ಇನ್ನೊಂದು ನಿಯಮ ಸೇರಿದಾಗ. ದೊಡ್ಡ ಗಿರಾಕಿಗಳು 'ಇಷ್ಟು ದಿನ ಬಾಕಿ ಇಲ್ಲದ ಮಾಲು ಕಳಿಸಬೇಡಿ' ಎಂದು ಮೊದಲೇ ಕರಾರು ಮಾಡಿಕೊಳ್ಳಬಹುದು. ಸಾಫ್ಟ್‌ವೇರಿನಲ್ಲಿ ಗಿರಾಕಿಗೊಂದರಂತೆ ಈ ಮಿತಿ ಹಾಕಿಡಬಹುದು. ಆ್ಯಪ್‌ಗಳ ಮೂಲಕ ಆಹಾರ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2024ರ ನವೆಂಬರಿನಲ್ಲಿ ಒಂದು ಸೂಚನೆ ಕೊಟ್ಟಿತು. ಗ್ರಾಹಕರ ಕೈ ಸೇರುವಾಗ ಅವಧಿಯಲ್ಲಿ ಶೇ. 30 ಅಥವಾ 45 ದಿನ ಬಾಕಿ ಇರುವಂತೆ ನೋಡಿಕೊಳ್ಳಿ ಎಂದು. ಒಳ್ಳೆಯ ಮಾತೇ. ಆದರೆ ಹಳ್ಳಿ ಅಂಗಡಿಯ ಪರವಾಗಿ ಹಾಗೆ ಹೇಳಿದವರು ಯಾರು?

ಲೆಕ್ಕ ಹಾಕಿ ನೋಡೋಣ. ಗೋದಾಮಿನಲ್ಲಿ ಒಂದೇ ಬಿಸ್ಕತ್ತಿನ ಮೂರು ಲಾಟು ಇವೆ. ಒಂದಕ್ಕೆ 40 ದಿನ ಬಾಕಿ, ಇನ್ನೊಂದಕ್ಕೆ 70, ಮತ್ತೊಂದಕ್ಕೆ 130. ಮಾಲ್‌ನವರು 120 ದಿನ ಕೇಳಿದ್ದಾರೆ, 130ರದ್ದು ಅವರಿಗೆ. ಆ್ಯಪ್‌ನವರಿಗೆ 45 ದಿನ ಬೇಕು, 70ರದ್ದು ಅವರಿಗೆ. ಕಿರಾಣಿ ಅಂಗಡಿಯ ಹೆಸರಿನ ಮುಂದೆ ಮಿತಿಯೇ ಇಲ್ಲ, ಸೊನ್ನೆ. ಸಾಫ್ಟ್‌ವೇರ್ 40 ದಿನದ ಲಾಟನ್ನು ಅಲ್ಲಿಗೇ ತಳ್ಳುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಯಾವುದೋ ಒಂದು ಕಂಪನಿ ಹೀಗೆ ಮಾಡುತ್ತಿದೆ ಎಂದೂ ನಾವು ಹೇಳುತ್ತಿಲ್ಲ. ನಿಯಮಗಳನ್ನು ಹೀಗೆ ಜೋಡಿಸಿದರೆ ಕೇಳದವರ ಪಾಲಿಗೆ ಹಳೆಯದೇ ಬರುತ್ತದೆ, ಅಷ್ಟೇ.

ಕಾನೂನೂ ಇಲ್ಲಿ ಅಂಗಡಿಯವರಿಗೇ ಬಿಗಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಅವಧಿ ಮುಗಿದ ಮೇಲೆ ಮಾಲು ಕಳಿಸಿದರೆ ಸಗಟು ವ್ಯಾಪಾರಿಗಳು ಅಥವಾ ವಿತರಕರು ಹೊಣೆ. ಅವಧಿ ಮುಗಿದ ಮೇಲೆ ಮಾರಿದರೆ ಅಂಗಡಿಯವರು ಹೊಣೆ. ಹತ್ತು ದಿನ ಬಾಕಿ ಇರುವಾಗ ಕಳಿಸಿ ಕೈ ತೊಳೆದುಕೊಂಡರೆ ಗೋದಾಮು ಬಚಾವ್. ದಿನಕ್ಕೆ ನಾಲ್ಕು ಪೊಟ್ಟಣ ಹೋಗುವ ಅಂಗಡಿಯವರು ಒಂದು ಬಾಕ್ಸನ್ನು ಹತ್ತು ದಿನದಲ್ಲಿ ಮುಗಿಸುವುದು ಹೇಗೆ? ಎಸೆದರೆ ನಷ್ಟ, ಮಾರಿದರೆ ಕೇಸು.

ನಿಯಮ ಸರಿ ಇದ್ದರೂ ಸಾಲದು. ಗಂಟೆಗೆ ಎಷ್ಟು ಪಿಕ್ ಎಂದು ಎಣಿಸಿ ಟಾರ್ಗೆಟ್ ಹಾಕಿದರೆ, ಮೂಲೆಯ ರ್‍ಯಾಕಿಗೆ ನಡೆಯುವವರು ಯಾರು? ಬಾಗಿಲ ಹತ್ತಿರದ ಡಬ್ಬಕ್ಕೆ ಕೈ ಹೋಗುತ್ತದೆ, ಒಳಗಿನದು ಇನ್ನಷ್ಟು ಹಳೆಯದಾಗುತ್ತದೆ. ಅದು ಆ ಹುಡುಗರ ತಪ್ಪಲ್ಲ, ಬರೀ ವೇಗ ಅಳೆಯುವವರ ತಪ್ಪು. ಬೇಗ ಮುಗಿಯುವ ಮಾಲನ್ನು ಮೊದಲೇ ಕೈಗೆಟಕುವ ಕಡೆ ಇಡಬೇಕು. ಭಾರದ ಮೂಟೆ ಕೆಳಗಿನ ಸಾಲಿನಲ್ಲಿರಬೇಕು. ಸ್ಕ್ಯಾನರ್ ಹೇಳಿದ ಡಬ್ಬ ಒಡೆದಿದ್ದರೆ, ಹಾಳಾಗಿದ್ದರೆ 'ಇದು ಬೇಡ' ಎಂದು ಒತ್ತುವ ಅವಕಾಶ ಅವರಿಗಿರಬೇಕು, ಅದಕ್ಕೆ ಸಂಬಳ ಕಡಿಯಬಾರದು.

ಹಾಗಾದರೆ ಮಾಡಬೇಕಾದ್ದೇನು? ಗಿರಾಕಿಯ ಹೆಸರಿನ ಮುಂದೆ ಸೊನ್ನೆ ಇರಲೇಬಾರದು. ಆ್ಯಪ್‌ನವರಿಗೆ ಹೇಳಿದ ಮಿತಿಯನ್ನೇ ಎಫ್‌ಎಸ್‌ಎಸ್‌ಎಐ ಹಳ್ಳಿ ಅಂಗಡಿಗೆ ಹೋಗುವ ಮಾಲಿಗೂ ಹೇಳಲಿ. ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ಬ್ಯಾಚ್ ನಂಬರು, ಮುಗಿಯುವ ದಿನ ಇರುತ್ತವಲ್ಲ, ವಿತರಕರು ಅಂಗಡಿಗೆ ಕೊಡುವ ಬಿಲ್ಲಿನಲ್ಲೂ ಅವು ಇರಲಿ. ಆಗ ಗಾಡಿ ಹೋಗುವ ಮುಂಚೆಯೇ ಅಂಗಡಿಯವರು ಮಾಲು ವಾಪಸ್ ಮಾಡಬಹುದು.

ಅಲ್ಲಿಯವರೆಗೆ ನಮ್ಮ ಕೈಲಾದದ್ದೂ ಇದೆ. ಒಬ್ಬ ಅಂಗಡಿಯವರು ಕೇಳಿದರೆ ವಿತರಕರು ನಗಬಹುದು. ಒಂದು ಹೋಬಳಿಯ ಅಂಗಡಿಯವರೆಲ್ಲ ಸೇರಿ 'ಎರಡು ತಿಂಗಳಿಗಿಂತ ಕಡಿಮೆ ಬಾಕಿ ಇರುವ ಬಿಸ್ಕತ್ ಇಳಿಸಿಕೊಳ್ಳುವುದಿಲ್ಲ' ಎಂದರೆ ಆ ಮಾತು ಗೋದಾಮಿನವರೆಗೂ ಹೋಗುತ್ತದೆ. ಗ್ರಾಹಕರು ದಿನಾಂಕ ನೋಡಿ ಕೊಳ್ಳಿ. ಅವಧಿ ಮುಗಿದದ್ದು ಕೈಗೆ ಬಂದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗೋದಾಮಿನಲ್ಲಿ ಕೆಲಸ ಮಾಡುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ 'ನಿಮ್ಮಲ್ಲಿ ಯಾವುದನ್ನು ಮೊದಲು ತೆಗೆಸುತ್ತಾರೆ?' ಎಂದು ಕೇಳಿ. ಉತ್ತರವನ್ನು ನಿಮ್ಮೂರಿನ ಅಂಗಡಿಯವರಿಗೂ ತಿಳಿಸಿ.