ಗಣಕ ಪರಿಚಯ: ಸುತ್ತುಬಳಸಿನ ಲೆಕ್ಕ

ನಮ್ಮ ಮನೆಯ ಅಟ್ಟದಲ್ಲಿ ತಂದೆಯವರು 40 ವರ್ಷಗಳ ಕಾಲ ಮಳೆಯನ್ನು ಅಳೆದು ಬರೆದಿಟ್ಟ ಪುಸ್ತಕಗಳಿವೆ. ದಿನಕ್ಕೊಂದರಂತೆ 14,610 ಸಾಲುಗಳು. ಸಂಖ್ಯಾಶಾಸ್ತ್ರವನ್ನು ಅಭ್ಯಸಿಸುತ್ತಿರುವ ನನ್ನ ಮಗಳು ಅವನ್ನು ಗಣಕಯಂತ್ರಕ್ಕೆ ಏರಿಸಿ, ವರ್ಷಾರಂಭದಿಂದ ಅಂದಂದಿನವರೆಗಿನ ಒಟ್ಟು ಮಳೆಯನ್ನು ತಿಳಿಯಲು ಹೊರಟಳು. ಫಲಿತಾಂಶ ಎಷ್ಟು ನೆಚ್ಚತಕ್ಕದ್ದೆಂದು ಅರಿಯಲು, ವರ್ಷಗಳನ್ನು ಚೀಟಿಯೆತ್ತಿದಂತೆ ಆಯ್ದು ಅದೇ ಲೆಕ್ಕವನ್ನು ಸಾವಿರ ಬಾರಿ ಮಾಡಬೇಕಿತ್ತು. ರಾತ್ರಿ ಆರಂಭಿಸಿದ್ದು ಬೆಳಗಾದರೂ ಮುಗಿದಿರಲಿಲ್ಲ.

ಅವಳು ಬಳಸಿದ್ದು 'ಆರ್' ಎಂಬ ಭಾಷೆಯನ್ನು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಇದನ್ನು ರೂಪಿಸಿದರು, ಇದರ 1.0 ಆವೃತ್ತಿ 2000ದಲ್ಲಿ ಹೊರಬಂದಿತು. ಈಕೆ 'ಫಾರ್' ಎಂಬ ಆವರ್ತನೆಯಿಂದ ಒಂದೊಂದೇ ಸಾಲನ್ನು ಕೂಡಿ, ಉತ್ತರವನ್ನು ಹಳೆಯ ಪಟ್ಟಿಯ ಕೊನೆಗೆ ಅಂಟಿಸುತ್ತಿದ್ದಳು. ದೋಷವಿದ್ದುದು ಇಲ್ಲಿಯೇ. ಹೊಸ ಸಾಲು ಸೇರಿದಾಗಲೆಲ್ಲ ಯಂತ್ರವು ಹಿಂದಿನ ಪಟ್ಟಿಯನ್ನು ಪೂರ್ತಿಯಾಗಿ ನಕಲು ಮಾಡುತ್ತದೆ. ಇಂದಿನ ಖರ್ಚು ಬರೆಯಲು ಹಿಂದಿನ ಪುಟಗಳನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸುವ ಶಾನುಭೋಗನಂತೆ! 14,610 ಸಾಲುಗಳಿಗೆ ಈ ನಕಲು 10 ಕೋಟಿ 67 ಲಕ್ಷ ಸಾಲುಗಳನ್ನು ಮೀರುತ್ತದೆ. ಅದೂ ಒಂದು ಬಾರಿಯ ಲೆಕ್ಕಕ್ಕೆ.

ಈ ಕೆಲಸಕ್ಕೆಂದೇ ಭಾಷೆಯೊಳಗೆ 'ಕ್ಯುಮ್‌ಸಮ್' ಎಂಬ ಸಿದ್ಧ ಫಂಕ್ಷನ್ ಇದೆ. ವರ್ಷದ ಅಂಕಿಗಳನ್ನು ಒಟ್ಟಾಗಿ ಒಪ್ಪಿಸಿದರೆ ಸಾಕು. ಅದರೊಳಗೂ ಆವರ್ತನೆ ಇದೆ. ಆದರೆ ಅದು 'ಸಿ' ಭಾಷೆಯಲ್ಲಿ ಮೊದಲೇ ಯಂತ್ರಸಂಕೇತವಾಗಿರುವುದರಿಂದ ಹೆಜ್ಜೆಹೆಜ್ಜೆಗೂ ಅರ್ಥವಿಚಾರಣೆ ಬೇಕಿಲ್ಲ. ಸಾಲುಗಳ ಮೊತ್ತಕ್ಕೆ 'ರೋಸಮ್ಸ್', ಕಂಬಗಳ ಸರಾಸರಿಗೆ 'ಕಾಲ್‌ಮೀನ್ಸ್' ಇದೇ ಬಗೆಯವು. 'ಅಪ್ಲೈ' ಮಾತ್ರ ವೇಷ ಮರೆಸಿದ ಆವರ್ತನೆಯೇ. ಬರವಣಿಗೆ ಚಿಕ್ಕದಾದೀತು, ವೇಗ ಅಷ್ಟಾಗಿ ಹೆಚ್ಚದು. ಹಾಗೆಂದು ಆವರ್ತನೆ ಪಾಪವಲ್ಲ. 2017ರ 3.4 ಆವೃತ್ತಿಯಿಂದ ಆರ್ ತಾನಾಗಿಯೇ ಅದನ್ನು ಸಂಕೇತಕ್ಕಿಳಿಸಿ ಓಡಿಸುತ್ತದೆ. ಉತ್ತರಕ್ಕೆ ಬೇಕಾದಷ್ಟು ಜಾಗವನ್ನು ಮೊದಲೇ ಕಾದಿರಿಸಿದರೆ ಅದೂ ತಕ್ಕಷ್ಟು ಚುರುಕು.

ಮರುದಿನ ಕಾಫಿ ಆರುವ ಮೊದಲೇ ಲೆಕ್ಕ ಮುಗಿಯಿತು. ಆದರೆ 1989ರ ಜುಲೈಯಿಂದ ವರ್ಷಾಂತ್ಯದವರೆಗೆ ಮೊತ್ತದ ಜಾಗದಲ್ಲಿ 'ಎನ್‌ಎ', ಅಂದರೆ 'ಅಂಕಿ ಇಲ್ಲ' ಎಂಬ ಉತ್ತರ! ನಡುವೆ ಒಂದು ಅಂಕಿ ಬಿಟ್ಟುಹೋದರೂ ಕ್ಯುಮ್‌ಸಮ್ ಮುಂದಿನದನ್ನು ಹೇಳಲೊಪ್ಪದು. ಮಗಳ ಹಳೆಯ ಆವರ್ತನೆಯಾದರೋ ಖಾಲಿ ಸಾಲನ್ನು ಸದ್ದಿಲ್ಲದೆ ಸೊನ್ನೆಯೆಂದು ಎಣಿಸಿತ್ತು.

ಪುಸ್ತಕ ತೆರೆದು ನೋಡಿದೆವು. ಮಳೆ ಸುರಿಯುವ ತಿಂಗಳಲ್ಲಿ ಒಂಬತ್ತು ಸಾಲುಗಳು ಖಾಲಿ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ದಿನಗಳವು. ಮಳೆ ಬಂದಿತ್ತು, ಅಳೆಯುವವರು ಮನೆಯಲ್ಲಿರಲಿಲ್ಲ. ಬರೆಯದ ಮಳೆಯನ್ನು ಬಾರದ ಮಳೆ ಎನ್ನಲಾದೀತೆ? ಮಗಳು ಆ ವರ್ಷವನ್ನು ಲೆಕ್ಕದಿಂದ ಹೊರಗಿಟ್ಟು, ಕಾರಣವನ್ನು ತನ್ನ ಪ್ರಬಂಧದ ಅಡಿಯಲ್ಲಿ ಬರೆದಳು.